ಸಂಬಳದ ಮೇಲೆ ಬಂದು ಕೂರುವ ಬಡ್ಡಿ

ಧಾರವಾಡದಿಂದ ಮುಂಬಯಿಗೆ ಬಂದು ಮೂರು ತಿಂಗಳಾಯಿತೆಂದೂ, ವರ್ಷಕ್ಕೆ 12.75 ಲಕ್ಷ ರೂಪಾಯಿ ಸಂಬಳವೆಂದೂ ಬರೆದು, ಕೂಡಿಟ್ಟ ಐದು ಲಕ್ಷವನ್ನು ಶೇ 7ರ ಬಡ್ಡಿಗೆ ಬ್ಯಾಂಕಿನಲ್ಲಿ ಠೇವಣಿ ಇಡಬಹುದೇ ಎಂದು ಕೇಳಿದ್ದೀರಿ. ಇಲ್ಲಿನ ಬಾಡಿಗೆ, ಲೋಕಲ್ ರೈಲುಗಳ ವಿಷಯವನ್ನು ಮಾಟುಂಗಾದಲ್ಲಿ ಯಾವ ಕನ್ನಡಿಗರನ್ನು ಕೇಳಿದರೂ ಹೇಳಿಯಾರು. ಇದಕ್ಕೆ ಮಾತ್ರ ನೀವು ಹಣ ಕಟ್ಟುವ ಮೊದಲೇ ಉತ್ತರಿಸಬೇಕೆನಿಸಿತು, ಏಕೆಂದರೆ ನಿಮ್ಮ ಸಂಬಳ ನಿಂತಿರುವುದು ಬಹಳ ಸೂಕ್ಷ್ಮವಾದ ಗೆರೆಯ ಮೇಲೆ.

ಸಂಬಳ ಬೇರೆ, ಬಡ್ಡಿ ಬೇರೆ ಎಂದು ನಾವು ಎಣಿಸುತ್ತೇವೆ. ತೆರಿಗೆಯ ಲೆಕ್ಕದಲ್ಲಿ ಸಂಬಳವು ಕೆಳಗಿನ ಸ್ಲ್ಯಾಬುಗಳನ್ನೆಲ್ಲ, ಎಂದರೆ ಆದಾಯ ಏರಿದಂತೆ ದರವೂ ಏರುವ ಹಂತಗಳನ್ನೆಲ್ಲ, ತುಂಬಿದ ಮೇಲೆ ಬಡ್ಡಿ ಅದರ ತಲೆಯ ಮೇಲೆ ಬಂದು ಕೂರುತ್ತದೆ. ಹಾಗಾಗಿ ನಿಮಗೆ ಅನ್ವಯಿಸುವ ಅತಿ ಮೇಲಿನ ದರವೇ ಅದಕ್ಕೆ ತಗಲುತ್ತದೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 24 ಲಕ್ಷ ದಾಟಿದವರಿಗೆ, ದಾಟಿದ ಭಾಗಕ್ಕೆ, ಸೆಸ್ (ತೆರಿಗೆಯ ಮೇಲೆ ಬೀಳುವ ಇನ್ನೊಂದು ತೆರಿಗೆ) ಸೇರಿ ಶೇ 31.2 ತೆರಿಗೆ. ಅಂಥವರಿಗೆ ಐದು ಲಕ್ಷಕ್ಕೆ ಬರುವ 35,000 ಬಡ್ಡಿಯಲ್ಲಿ 24,080 ಉಳಿಯುತ್ತದೆ, ಎಂದರೆ ಶೇ 7 ಎನ್ನುವುದು 4.8ಕ್ಕೆ ಇಳಿಯುತ್ತದೆ.

ನಿಮ್ಮದು ಅದಕ್ಕಿಂತ ಕಷ್ಟದ ಜಾಗ. ಸಂಬಳದಾರರಿಗೆಲ್ಲ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ ನಿಮ್ಮ ಆದಾಯ ಸರಿಯಾಗಿ 12 ಲಕ್ಷ; ಅಲ್ಲಿಯವರೆಗೆ ಸಿಗುವ ರಿಬೇಟಿನಿಂದಾಗಿ, ಎಂದರೆ ತೆರಿಗೆಯ ಮನ್ನಾದಿಂದಾಗಿ, ತೆರಿಗೆ ಸೊನ್ನೆ. ಅದಕ್ಕೆ 35,000 ಬಡ್ಡಿ ಸೇರಿತೆಂದರೆ ರಿಬೇಟು ತಪ್ಪಿ, ಸ್ಲ್ಯಾಬಿನ ಲೆಕ್ಕದಲ್ಲಿ ತೆರಿಗೆ 65,250 ಆಗುತ್ತದೆ. ಗೆರೆ ದಾಟಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಬೀಳಬಾರದೆಂಬ ಮಾರ್ಜಿನಲ್ ರಿಲೀಫ್ ಅದನ್ನು 35,000ಕ್ಕೆ ಇಳಿಸಿದರೂ, ಶೇ 4ರ ಸೆಸ್ ಸೇರಿ ಕಟ್ಟಬೇಕಾದದ್ದು 36,400. ವರ್ಷವಿಡೀ ದುಡಿದ ಐದು ಲಕ್ಷದ ಬಡ್ಡಿಯೆಲ್ಲ ಹೋಗಿ, ಮೇಲೆ 1,400 ರೂಪಾಯಿ ಕೈಯಿಂದ ತೆರಬೇಕು.

ಬ್ಯಾಂಕು ಟಿಡಿಎಸ್ (ಬಡ್ಡಿ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಲಿಲ್ಲ, ಆದ್ದರಿಂದ ತೆರಿಗೆಯಿಲ್ಲ ಎಂದು ದಯವಿಟ್ಟು ತಿಳಿಯಬೇಡಿ. ಬಡ್ಡಿ ವರ್ಷಕ್ಕೆ 50,000 ದಾಟದಿದ್ದರೆ ಬ್ಯಾಂಕು ಹಿಡಿಯುವುದಿಲ್ಲ, ಅಷ್ಟೆ. ಆ ಬಡ್ಡಿಯನ್ನು ತೆರಿಗೆ ರಿಟರ್ನಿನಲ್ಲಿ ತೋರಿಸುವ ಹೊಣೆ ನಿಮ್ಮದೇ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಹೀಗೆಯೇ ತಿಳಿದು ಎರಡು ವರ್ಷದ ಬಡ್ಡಿಯನ್ನು ರಿಟರ್ನಿನಲ್ಲಿ ಬಿಟ್ಟಿದ್ದೆ. ನೋಟಿಸು ಬಂದ ರಾತ್ರಿ ಬಾಡಿಗೆ ಕೋಣೆಯ ಟ್ರಂಕಿನ ಮೇಲೆ ಪಾಸ್‌ಬುಕ್ಕುಗಳನ್ನು ಹರಡಿಕೊಂಡು, ಪ್ರತಿ ಬಡ್ಡಿಯ ಸಾಲಿಗೂ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಕೂತದ್ದು ಇಂದಿಗೂ ನೆನಪಿದೆ.

ಐದು ಲಕ್ಷದ ಒಂದು ಭಾಗವನ್ನು ಪಿಪಿಎಫ್‌ಗೆ (ಸಾರ್ವಜನಿಕ ಭವಿಷ್ಯ ನಿಧಿಗೆ) ಹಾಕಿ. ಶೇ 7.1ರ ಆ ಬಡ್ಡಿಗೆ ಹೊಸ ಪದ್ಧತಿಯಲ್ಲಿಯೂ ತೆರಿಗೆಯಿಲ್ಲ. ಆದರೆ ವರ್ಷಕ್ಕೆ 1.5 ಲಕ್ಷದ ಮಿತಿ, 15 ವರ್ಷದ ಅವಧಿ ಇವೆ. ಹೆಂಡತಿಗೆ ಕೊಟ್ಟ ಹಣದ ಬಡ್ಡಿ ಮರಳಿ ನಿಮ್ಮ ಲೆಕ್ಕಕ್ಕೇ ಸೇರುತ್ತದೆ, ತಾಯಿಗೆ ಕೊಟ್ಟದ್ದರ ಬಡ್ಡಿ ತಾಯಿಯದೇ ಆಗುತ್ತದೆ. ಆದರೆ ಆಗ ಅದು ನಿಜವಾಗಿಯೂ ಅವರ ಹಣವಾಗಿರಬೇಕು. ಇದಕ್ಕಿಂತ ಮೊದಲು ಮಾಡಬೇಕಾದದ್ದೊಂದಿದೆ: ಸಂಬಳದ ಒಂದಂಶವನ್ನು ಕಂಪನಿಯ ಪಾಲಿನ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಆಗಿ ಕಟ್ಟುತ್ತಾರೆಯೇ ಎಂದು ಕಚೇರಿಯಲ್ಲಿ ವಿಚಾರಿಸಿ. ಮೂಲ ವೇತನದ ಶೇ 14ರವರೆಗೆ ಅದು ಆದಾಯದಿಂದ ಕಳೆಯುತ್ತದೆ. ಆ ಮೊತ್ತ 35,000 ಮುಟ್ಟಿದರೆ ಸಾಕು, ಆದಾಯ ಮತ್ತೆ 12 ಲಕ್ಷಕ್ಕೇ ನಿಂತು ನಿಮ್ಮ ಠೇವಣಿಯ ಬಡ್ಡಿ ಪೂರ್ತಿ ನಿಮ್ಮ ಕೈಯಲ್ಲೇ ಉಳಿಯುತ್ತದೆ.