ಓದುಗರ ಪ್ರಶ್ನೆ, ಬಲ್ಲವರ ಉತ್ತರ: ವಾರ್ಡಿನ ಗೆರೆ, ಕೋರ್ಟಿನ ಬಾಗಿಲು

ಕ್ಷೇತ್ರ ಮರುವಿಂಗಡಣೆ ಮತ್ತು ಅದರ ಮೇಲಿನ ದಾವೆಗಳ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಆರಕ್ಕೆ ಇಲ್ಲಿ ಉತ್ತರವಿದೆ.

ನಮ್ಮ ಓಣಿ ಅರ್ಧ ಒಂದು ವಾರ್ಡಿನಾಗ, ಅರ್ಧ ಇನ್ನೊಂದರಾಗ ಹಾಕ್ಯಾರ. ಹೈಕೋರ್ಟಿಗೆ ಹೋದ್ರ ಗೆರಿ ಬದಲಾಗತೈತೇನ್ರಿ?
*— ವಡಗಾವಿಯ ಓದುಗರು, ಬೆಳಗಾವಿ*

ನಿಮ್ಮ ಕೈಯಲ್ಲಿರುವುದು ಕರಡು ಅಧಿಸೂಚನೆಯೋ ಅಂತಿಮ ಅಧಿಸೂಚನೆಯೋ ಎಂಬುದನ್ನು ಮೊದಲು ನೋಡಿ. ಕರಡಾಗಿದ್ದರೆ ಈಗಲೇ ಕೋರ್ಟಿನ ಮಾತು ಬೇಡ. ಜಿಲ್ಲಾಧಿಕಾರಿ ಕಚೇರಿಗೆ ಕೊಡುವ ಆಕ್ಷೇಪಣೆ ಅರ್ಜಿಯೇ ನಿಮ್ಮ ದಾವೆಯ ಬುನಾದಿ. ಅರ್ಜಿ ಕೊಡದೆ ನೇರವಾಗಿ ರಿಟ್ (ಹೈಕೋರ್ಟಿಗೆ ಸಲ್ಲಿಸುವ ಅರ್ಜಿ) ಹಾಕಿದವರಿಗೆ ನ್ಯಾಯಪೀಠ ಕೇಳುವ ಮೊದಲ ಪ್ರಶ್ನೆ, 'ಕರಡು ಬಂದಾಗ ಎಲ್ಲಿದ್ದಿರಿ?' ಎಂದು.

ಆಕ್ಷೇಪಣೆ ಬರೆಯುವಾಗ ಬಹಳ ಜನ 'ಓಣಿ ಒಡೆದರು, ಒಗ್ಗಟ್ಟು ಹೋಯಿತು' ಎಂದು ಎರಡು ಪುಟ ತುಂಬಿಸುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಬೇಕಾದದ್ದು ಲೆಕ್ಕ. 2011ರ ಜನಗಣತಿಯಂತೆ ಬೆಳಗಾವಿ ನಗರದ ಜನಸಂಖ್ಯೆ ಸುಮಾರು 4.88 ಲಕ್ಷ, ವಾರ್ಡು 58. ಸರಾಸರಿ ಒಂದು ವಾರ್ಡಿಗೆ 8,400 ಜನ. ವಿಧಾನಸಭಾ ಕ್ಷೇತ್ರಗಳ ವಿಂಗಡಣೆಯಲ್ಲಿ ಕ್ಷೇತ್ರ ಮರುವಿಂಗಡಣಾ ಆಯೋಗ ಇಟ್ಟುಕೊಂಡಿದ್ದ ಶೇ 10ರ ಹೆಚ್ಚುಕಡಿಮೆಯನ್ನೇ ಅಳತೆಗೋಲು ಮಾಡಿಕೊಂಡರೆ 7,570ರಿಂದ 9,250ರವರೆಗಿನ ವಾರ್ಡಿನ ಬಗ್ಗೆ ತಕರಾರು ಎತ್ತುವುದು ಕಷ್ಟ. ಒಂದು ಕಡೆ 11,000, ಪಕ್ಕದಲ್ಲೇ 6,000 ಎಂದಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಇಲ್ಲಿ ಎಡವುವವರೇ ಹೆಚ್ಚು: ಮತದಾರರ ಪಟ್ಟಿಯ ಸಂಖ್ಯೆ ಹಿಡಿದು 'ನಮ್ಮಲ್ಲಿ ಇಷ್ಟು ಓಟು' ಎಂದು ವಾದಿಸುತ್ತಾರೆ. ಕಾನೂನು ನೋಡುವುದು ಕೊನೆಯ ಸಲ ಪ್ರಕಟವಾದ ಜನಗಣತಿಯ ತಲೆಲೆಕ್ಕವನ್ನು, ಓಟರ್ ಲಿಸ್ಟನ್ನಲ್ಲ. ಹೊಸ ಬಡಾವಣೆ ಎಷ್ಟೇ ಬೆಳೆದಿರಲಿ, ಮುಂದಿನ ಜನಗಣತಿ ಪ್ರಕಟವಾಗುವವರೆಗೆ ಅದು ಲೆಕ್ಕಕ್ಕಿಲ್ಲ.

ಇನ್ನೊಂದು ಗುಟ್ಟು ಗಣತಿ ಬ್ಲಾಕಿನಲ್ಲಿದೆ. ಜನಗಣತಿಯವರು ಊರನ್ನು ಸುಮಾರು 600ರಿಂದ 800 ಜನರ ಬ್ಲಾಕುಗಳಾಗಿ ಒಡೆದಿರುತ್ತಾರೆ. ಅಧಿಕೃತ ಸಂಖ್ಯೆ ಸಿಗುವುದು ಆ ಬ್ಲಾಕಿಗೆ ಮಾತ್ರ, ನಿಮ್ಮ ಗಲ್ಲಿಗಲ್ಲ. ಅರ್ಧ ಗಲ್ಲಿಯನ್ನು ಈಚೆ ತನ್ನಿ ಎಂದರೆ ಆ ಅರ್ಧದಲ್ಲಿ ಎಷ್ಟು ಜನ ಎಂದು ಹೇಳಲು ಅಧಿಕಾರಿಗೂ ಆಗದು. ಆದ್ದರಿಂದ ಪೂರ್ತಿ ಬ್ಲಾಕನ್ನೇ ಕೇಳಿ. ಇಂಥ ಸಂಖ್ಯೆಯ ಬ್ಲಾಕನ್ನು ಆ ವಾರ್ಡಿನಿಂದ ತೆಗೆದು ಈ ವಾರ್ಡಿಗೆ ಸೇರಿಸಬೇಕು, ಬದಲಿಗೆ ಈ ಬ್ಲಾಕನ್ನು ಆ ಕಡೆಗೆ ಕೊಡಬಹುದು, ಹಾಗೆ ಮಾಡಿದ ಮೇಲೂ ಎರಡೂ ವಾರ್ಡುಗಳು ಸರಾಸರಿಯ ಹತ್ತಿರವೇ ಇರುತ್ತವೆ ಎಂದು ಕೂಡಿಸಿ ಕಳೆದು ತೋರಿಸಿ. ಅಧಿಕಾರಿಯ ಕೆಲಸವನ್ನು ಅರ್ಧ ನೀವೇ ಮಾಡಿಕೊಟ್ಟ ಅರ್ಜಿಗೇ ಬೆಲೆ.

ಚಕ್ಕುಬಂದಿಯನ್ನೂ ಬಿಡಬೇಡಿ. ಅಧಿಸೂಚನೆ ಹಿಡಿದು ಪೂರ್ವದಿಂದ ಶುರು ಮಾಡಿ ದಕ್ಷಿಣ, ಪಶ್ಚಿಮ, ಉತ್ತರ ಎಂದು ಗಡಿಯುದ್ದಕ್ಕೂ ನಡೆದು ಬನ್ನಿ. ಹೊರಟ ಜಾಗಕ್ಕೇ ಬಂದು ಮುಟ್ಟಬೇಕು. ಎಷ್ಟೋ ಸಲ ಮುಟ್ಟುವುದಿಲ್ಲ. ನಡುವೆ ನಾಲಾ ಮಾಯವಾಗಿರುತ್ತದೆ, ರಸ್ತೆಯ ಹೆಸರು ಹಳೆಯದಿರುತ್ತದೆ, ಒಂದೇ ಮನೆಸಾಲು ಎರಡು ವಾರ್ಡುಗಳ ಚಕ್ಕುಬಂದಿಯಲ್ಲಿ ಬಂದಿರುತ್ತದೆ. ನಿಮ್ಮ ಓಣಿ ಒಡೆದದ್ದಕ್ಕೂ ಇಂಥದ್ದೇ ಕಾರಣವಿದ್ದರೆ ಅದು ಕಣ್ಣಿಗೆ ಕಾಣುವ ತಪ್ಪು. ಕೋರ್ಟಿನ ಗೊಡವೆಯಿಲ್ಲದೆ ಕಚೇರಿಯಲ್ಲೇ ತಿದ್ದುಪಡಿಯಾಗುತ್ತದೆ.

ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲೂ ಒಂದು ಹೋಗಲಿ. ಅಂತಿಮ ಅಧಿಸೂಚನೆಯಲ್ಲಿ ನಿಮ್ಮ ಆಕ್ಷೇಪಣೆಯ ಸೊಲ್ಲೇ ಇಲ್ಲದಿದ್ದರೆ ಆಗ ಸಂವಿಧಾನದ 226ನೇ ವಿಧಿಯಡಿ ರಿಟ್. ಕರಡು, ಅರ್ಜಿ, ಸ್ವೀಕೃತಿ, ಅಂತಿಮ ಅಧಿಸೂಚನೆ, ಬ್ಲಾಕುವಾರು ಲೆಕ್ಕ, ಈ ಐದು ಕಾಗದ ಜೊತೆಗಿರಲಿ. ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ ಹೋಗಬೇಕು, ವಿಜಯಪುರದವರು ಕಲಬುರಗಿ ಪೀಠಕ್ಕೆ. ಗೆದ್ದರೂ ನ್ಯಾಯಮೂರ್ತಿಗಳು ತಾವೇ ಗೆರೆ ಎಳೆಯುತ್ತಾರೆಂದು ಕಾಯಬೇಡಿ. ಸಾಮಾನ್ಯವಾಗಿ ಸಿಗುವುದು 'ಆಕ್ಷೇಪಣೆ ಕೇಳಿ ಮತ್ತೆ ನಿರ್ಧರಿಸಿ' ಎಂಬ ಆದೇಶ.

ಚುನಾವಣೆ ಘೋಷಣೆಯಾದ ಮೇಲೆ ವಾರ್ಡ್ ವಿಂಗಡಣೆಯನ್ನು ಪ್ರಶ್ನಿಸಬಹುದೇ? ಒಬ್ಬ ವಕೀಲರು ಬರುತ್ತದೆ ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ.
*— ವಿಜಯಪುರ ನಗರದ ಓದುಗರು*

ಇಲ್ಲ ಎಂದವರ ಮಾತು ಹಿಡಿಯಿರಿ. ನಗರಸಭೆ, ಪಾಲಿಕೆಗಳಿಗೆ ಸಂವಿಧಾನದ 243-ಝಡ್‌ಜಿ, ಪಂಚಾಯಿತಿಗಳಿಗೆ 243-ಒ, ಲೋಕಸಭೆ ಮತ್ತು ವಿಧಾನಸಭೆಗಳಿಗೆ 329ನೇ ವಿಧಿ ಅಡ್ಡ ನಿಂತಿವೆ. ಉತ್ತರ ಪ್ರದೇಶದ ಪಂಚಾಯಿತಿಗಳ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಒಂದೇ ಒಂದು ಕಿಂಡಿ ಬಿಟ್ಟಿತು: ಆಕ್ಷೇಪಣೆಯನ್ನೇ ಕರೆಯದೆ, ಜನರ ಮಾತು ಕೇಳದೆ ವಿಂಗಡಿಸಿದ್ದರೆ ಪ್ರಶ್ನಿಸಬಹುದು. ಆದರೆ ಚುನಾವಣಾ ಅಧಿಸೂಚನೆ ಹೊರಬಿದ್ದ ಮೇಲೆ ಆ ಕಿಂಡಿಯೂ ಮುಚ್ಚುತ್ತದೆ.

2024ರ ಜುಲೈನಲ್ಲಿ ಗುಜರಾತಿನ ಬಾರ್ಡೋಲಿ ಮೀಸಲು ಕ್ಷೇತ್ರದ ಪ್ರಕರಣ ಬಂದ ಮೇಲೆ 'ಈಗ ಏನು ಬೇಕಾದರೂ ಪ್ರಶ್ನಿಸಬಹುದು' ಎಂಬ ಗುಲ್ಲೆದ್ದಿತು. ಕೋರ್ಟ್ ಅಷ್ಟು ಹೇಳಿಲ್ಲ. ವಿಂಗಡಣೆಯ ಆದೇಶ ಎದ್ದುಕಾಣುವಷ್ಟು ಮನಸೋಇಚ್ಛೆಯದಾಗಿದ್ದು, ಸಂವಿಧಾನದ ಮೌಲ್ಯಗಳಿಗೆ ಹೊಂದದೇ ಹೋದರೆ ನ್ಯಾಯಾಲಯ ಕಣ್ಣು ಮುಚ್ಚಿ ಕೂರಬೇಕಿಲ್ಲ ಎಂದಿತು, ಅಷ್ಟೇ. ಓಣಿ ಒಡೆದದ್ದು ಆ ಮಟ್ಟಕ್ಕೆ ಏರುವುದಿಲ್ಲ.

ನಿಮ್ಮೂರಿನಲ್ಲಿ ಒಂದೊಂದು ವಾರ್ಡಿಗೂ ಎಷ್ಟು ಬೆಲೆ ಎಂಬುದು 2022ರ ಅಕ್ಟೋಬರಿನಲ್ಲಿ ಕಂಡಿದೆ. 35 ವಾರ್ಡುಗಳಲ್ಲಿ ಬಿಜೆಪಿಗೆ 17 ಬಂದವು, ಸರಳ ಬಹುಮತಕ್ಕೆ ಒಂದು ಕಡಿಮೆ. ಮೇಯರ್ ಆಯ್ಕೆಯಲ್ಲಿ ಶಾಸಕರು, ಸಂಸದರ ಮತವೂ ಸೇರುವುದರಿಂದ ಇಷ್ಟು ತೆಳು ಅಂತರವಿದ್ದಾಗ ಎಲ್ಲರ ಕಣ್ಣೂ ವಾರ್ಡಿನ ಗೆರೆಯ ಮೇಲೆ, ಅದಕ್ಕಿಂತ ಹೆಚ್ಚಾಗಿ ಮೀಸಲಾತಿಯ ಸರದಿಯ ಮೇಲೆ ಇರುತ್ತದೆ. ಕೋರ್ಟಿಗೆ ಹೋಗುವ ದಾವೆಗಳಲ್ಲೂ ಗೆರೆಗಿಂತ ಮೀಸಲಾತಿಯದ್ದೇ ಗಟ್ಟಿ ವಾದ. 'ಈ ವಾರ್ಡು ಹೋದ ಸಲವೂ ಇದೇ ವರ್ಗಕ್ಕಿತ್ತು, ಸರದಿ ತಪ್ಪಿಸಿದ್ದಾರೆ' ಎಂಬುದನ್ನು ಎರಡು ಅಧಿಸೂಚನೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಬಹುದು.

ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಸಮಯಕ್ಕೆ ಚುನಾವಣೆ ಆಗದ್ದಕ್ಕೆ ಕೋರ್ಟ್ ಕೇಸುಗಳೇ ಕಾರಣ ಎಂಬುದು ನಿಜವೇ?
*— ಇಳಕಲ್‌ನ ಓದುಗರು, ಬಾಗಲಕೋಟೆ ಜಿಲ್ಲೆ*

ನಿಜ ಇದಕ್ಕೆ ಉಲ್ಟಾ ಇದೆ. ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳನ್ನು ವಿಂಗಡಿಸಿ ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. 2021ರಲ್ಲಿ ಸರ್ಕಾರ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನು ಆಯೋಗದ ಕೈಯಿಂದ ತೆಗೆದು, ಹೊಸದಾಗಿ ರಚಿಸಿದ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಮಾಡಿದ ಕೆಲಸ ನೀರಿಗೆ ಹೋಯಿತು. ಹೈಕೋರ್ಟಿನ ಮೆಟ್ಟಿಲು ಹತ್ತಿದ್ದು ಚುನಾವಣಾ ಆಯೋಗವೇ. ಸರ್ಕಾರ ಮತ್ತೆ ಮತ್ತೆ ಕಾಲಾವಕಾಶ ಕೇಳಿತು. 2022ರ ಡಿಸೆಂಬರಿನಲ್ಲಿ ಹೈಕೋರ್ಟ್ 5 ಲಕ್ಷ ರೂಪಾಯಿ ದಂಡ ಹಾಕಿತು. ಅಂತಿಮ ವಿಂಗಡಣೆಯ ಅಧಿಸೂಚನೆ ಬಂದದ್ದು 2023ರ ಡಿಸೆಂಬರಿನಲ್ಲಿ. ಅಲ್ಲಿಗೂ ಮುಗಿಯಲಿಲ್ಲ, ಮೀಸಲಾತಿ ಪಟ್ಟಿ ಬಾಕಿ ಉಳಿಯಿತು.

ಮೀಸಲಾತಿ ತಡವಾಗುವುದಕ್ಕೆ ಕಾನೂನಿನ ಕಾರಣವೂ ಇದೆ. ಹಿಂದುಳಿದ ವರ್ಗಗಳಿಗೆ ಸ್ಥಾನ ಮೀಸಲಿಡಬೇಕಾದರೆ ಸುಪ್ರೀಂ ಕೋರ್ಟ್ ಹೇಳಿದ ಮೂರು ಪರೀಕ್ಷೆ ದಾಟಬೇಕು: ಪ್ರತ್ಯೇಕ ಆಯೋಗದಿಂದ ಅಂಕಿಅಂಶ, ಸ್ಥಳೀಯ ಸಂಸ್ಥೆವಾರು ಪ್ರಮಾಣ, ಪರಿಶಿಷ್ಟರ ಸ್ಥಾನಗಳೂ ಸೇರಿ ಒಟ್ಟು ಮೀಸಲಾತಿ ಶೇ 50 ಮೀರದಿರುವುದು. ಕರ್ನಾಟಕದಲ್ಲಿ ಈ ಕೆಲಸವನ್ನು ನ್ಯಾಯಮೂರ್ತಿ ಭಕ್ತವತ್ಸಲ ಆಯೋಗಕ್ಕೆ ವಹಿಸಲಾಗಿತ್ತು. ಆದರೆ ಇದನ್ನೇ ನೆಪ ಮಾಡಬೇಡಿ ಎಂದೂ ಸುಪ್ರೀಂ ಕೋರ್ಟ್ ಹೇಳಿದೆ. ಐದು ವರ್ಷದ ಗಡುವು ಕಡ್ಡಾಯ ಎಂದು 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಹೇಳಿತು. ಮರುವಿಂಗಡಣೆ ಮುಗಿಯದಿದ್ದರೆ ಹಳೆಯ ವಾರ್ಡುಗಳ ಮೇಲೇ ಚುನಾವಣೆ ಮಾಡಿ ಎಂದು 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶಕ್ಕೆ ಹೇಳಿತು.

ಇದರಿಂದ ಲಾಭ ಯಾರಿಗೆ? ಸದಸ್ಯರಿಲ್ಲದ ಜಿಲ್ಲಾ ಪಂಚಾಯಿತಿಯನ್ನು ಆಡಳಿತಾಧಿಕಾರಿ ನಡೆಸುತ್ತಾರೆ. ಊರಿನ ರಸ್ತೆ, ಶಾಲೆಯ ಕೋಣೆ, ಕುಡಿಯುವ ನೀರಿನ ಬೋರು ಕೇಳಲು ಜನ ಶಾಸಕರ ಮನೆಬಾಗಿಲಿಗೇ ಹೋಗಬೇಕು. ನಾಳೆ ವಿಧಾನಸಭೆಯ ಟಿಕೆಟ್ ಕೇಳಬಲ್ಲ ಎರಡನೇ ಸಾಲಿನ ನಾಯಕರು ಬೆಳೆಯುವ ಗದ್ದೆಯೇ ಜಿಲ್ಲಾ ಪಂಚಾಯಿತಿ. ಆ ಗದ್ದೆ ಬೀಳು ಬಿದ್ದರೆ ಇದ್ದ ಶಾಸಕರಿಗೆ ಪೈಪೋಟಿ ಕಡಿಮೆ. ಅಧಿಕಾರದಲ್ಲಿರುವ ಪಕ್ಷ ಬದಲಾದರೂ ವಿಳಂಬ ಮಾತ್ರ ಬದಲಾಗದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಬೆಳಗಾವಿ ಪಾಲಿಕೆಯಲ್ಲಿ ಮಾತ್ರ ವಾರ್ಡು, ಮೀಸಲಾತಿಯ ದಾವೆಗಳದ್ದೂ ಪಾಲಿತ್ತು. 2019ರಲ್ಲಿ ಅವಧಿ ಮುಗಿದು, ಮತದಾನ ನಡೆದದ್ದು 2021ರ ಸೆಪ್ಟೆಂಬರ್ 3ರಂದು. ಅದುವರೆಗೆ ಕನ್ನಡ, ಮರಾಠಿ ಎಂಬ ಗುಂಪುಗಳಲ್ಲಿ ನಡೆಯುತ್ತಿದ್ದ ಚುನಾವಣೆ ಆ ಸಲ ಪಕ್ಷಗಳ ಚಿಹ್ನೆಯ ಮೇಲೆ ನಡೆಯಿತು. ಬಿಜೆಪಿ 58ರಲ್ಲಿ 35 ಗೆದ್ದಿತು. ಇದನ್ನು ಹೊಸ ವಾರ್ಡುಗಳ ಫಲ ಎನ್ನುವವರಿದ್ದಾರೆ. ಗೆರೆಯೂ ಚಿಹ್ನೆಯೂ ಒಟ್ಟಿಗೇ ಬದಲಾದಾಗ ಯಾವುದರ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ.

2008ರಲ್ಲಿ ಚಿಕ್ಕೋಡಿ ಲೋಕಸಭಾ ಕ್ಷೇತ್ರ ಮೀಸಲಿನಿಂದ ಸಾಮಾನ್ಯವಾಯಿತು, ವಿಜಯಪುರ ಮೀಸಲಾಯಿತು. ಇದನ್ನು ಯಾರು ಹೇಗೆ ನಿರ್ಧರಿಸಿದರು? ಕೋರ್ಟಿನಲ್ಲಿ ನಿಲ್ಲುತ್ತಿತ್ತೇ?
*— ಇಂಡಿಯ ಓದುಗರು*

ನಿರ್ಧರಿಸಿದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ, 2002ರ ಕಾಯ್ದೆಯಡಿ. ಲೆಕ್ಕ ಬಹಳ ಸರಳ. 2001ರಲ್ಲಿ ರಾಜ್ಯದ ಜನಸಂಖ್ಯೆ 5.285 ಕೋಟಿ. 224ರಿಂದ ಭಾಗಿಸಿದರೆ ವಿಧಾನಸಭಾ ಕ್ಷೇತ್ರವೊಂದಕ್ಕೆ ಸುಮಾರು 2.36 ಲಕ್ಷ. ಬೆಳಗಾವಿ ಜಿಲ್ಲೆಯ 42.14 ಲಕ್ಷಕ್ಕೆ 17.86 ಬಂತು, 18 ಕೊಟ್ಟರು. ವಿಜಯಪುರದ 18.07 ಲಕ್ಷಕ್ಕೆ 7.66 ಬಂತು, 8 ಆಯಿತು. ಬಾಗಲಕೋಟೆಯ 16.52 ಲಕ್ಷಕ್ಕೆ ಸರಿಯಾಗಿ 7. ಒಳಗಿನ ಗೆರೆಗಳು ಮಾತ್ರ ಕಲಸಿಹೋದವು. ಸಂಕೇಶ್ವರ, ಉಚಗಾವಿ, ಬಾಗೇವಾಡಿ, ಗುಳೇದಗುಡ್ಡ, ತಿಕೋಟಾ, ಬಳ್ಳೊಳ್ಳಿ, ಹೂವಿನಹಿಪ್ಪರಗಿ ಎಂಬ ಕ್ಷೇತ್ರಗಳು ನಕ್ಷೆಯಿಂದ ಅಳಿದವು. ಯಮಕನಮರಡಿ, ಕುಡಚಿ, ತೇರದಾಳ, ಬಬಲೇಶ್ವರ, ನಾಗಠಾಣ, ದೇವರಹಿಪ್ಪರಗಿ ಬಂದವು. ಬೆಳಗಾವಿಯ 18ರಲ್ಲಿ 16 ಕ್ಷೇತ್ರಗಳು ಬೆಳಗಾವಿ ಮತ್ತು ಚಿಕ್ಕೋಡಿ ಲೋಕಸಭೆಗಳಿಗೆ ಸೇರಿ, ಉಳಿದ ಕಿತ್ತೂರು, ಖಾನಾಪುರ ಘಟ್ಟದಾಚೆಯ ಉತ್ತರ ಕನ್ನಡಕ್ಕೆ ಹೋದವು. ಕಿತ್ತೂರಿನವರು ಇಂದಿಗೂ ಸಂಸದರನ್ನು ಹುಡುಕಿಕೊಂಡು ಪಶ್ಚಿಮಕ್ಕೆ ಮುಖ ಮಾಡಬೇಕು.

ಪರಿಶಿಷ್ಟ ಜಾತಿಯ ಸ್ಥಾನಗಳನ್ನು ರಾಜ್ಯದ ಬೇರೆಬೇರೆ ಭಾಗಗಳಿಗೆ ಹಂಚಬೇಕು, ಸಾಧ್ಯವಾದಷ್ಟು ಆ ಸಮುದಾಯದ ಪ್ರಮಾಣ ಹೆಚ್ಚಿರುವ ಕಡೆ ಇಡಬೇಕು ಎಂಬುದು ಕಾಯ್ದೆಯ ನಿಯಮ. ಪರಿಣಾಮ ನಿಮ್ಮ ಕಣ್ಣೆದುರೇ ಇದೆ. 1998ರಿಂದ ಮೂರು ಸಲ ಚಿಕ್ಕೋಡಿಯಿಂದ ಗೆದ್ದಿದ್ದ ರಮೇಶ ಜಿಗಜಿಣಗಿ 2009ರಲ್ಲಿ ವಿಜಯಪುರಕ್ಕೆ ಬಂದು, 2024ರವರೆಗೆ ಸತತ ನಾಲ್ಕು ಸಲ ಗೆದ್ದರು. ವಿಜಯಪುರದ ಸಂಸದರಾಗಿದ್ದ ಬಸನಗೌಡ ಪಾಟೀಲ ಯತ್ನಾಳರಿಗೆ ಆ ಕ್ಷೇತ್ರದ ಬಾಗಿಲು ಮುಚ್ಚಿತು. ಚಿಕ್ಕೋಡಿಯ ಹೊಸ ಕಣದಲ್ಲಿ 2009ರಲ್ಲಿ ರಮೇಶ ಕತ್ತಿ ಗೆದ್ದರು.

ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಉಜ್ಜಯಿನಿಯನ್ನು ಮೀಸಲು ಮಾಡಿದ್ದನ್ನು ಪ್ರಶ್ನಿಸಿದ ಮೇಘರಾಜ ಕೊಠಾರಿ ಪ್ರಕರಣದಲ್ಲಿ, ಗೆಜೆಟ್‌ನಲ್ಲಿ ಪ್ರಕಟವಾದ ಆಯೋಗದ ಆದೇಶಕ್ಕೆ ಕಾನೂನಿನದೇ ಬಲ, ಅದನ್ನು ಪ್ರಶ್ನಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1966ರಲ್ಲೇ ತೀರ್ಪಿತ್ತಿತ್ತು. 2024ರ ಬಾರ್ಡೋಲಿ ತೀರ್ಪು ಅದರ ಮೊನಚನ್ನು ಸ್ವಲ್ಪ ಇಳಿಸಿದೆ. 2008ರಲ್ಲಿ ಅದೂ ಇರಲಿಲ್ಲ.

ಅಮೆರಿಕದಲ್ಲಿ ಕೋರ್ಟುಗಳೇ ಕ್ಷೇತ್ರದ ನಕ್ಷೆ ರದ್ದು ಮಾಡುತ್ತವಂತೆ. ನಮ್ಮಲ್ಲಿ ಯಾಕಿಲ್ಲ?
*— ಜಮಖಂಡಿಯ ಕಾಲೇಜು ವಿದ್ಯಾರ್ಥಿನಿ*

ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಗೆರೆ ಎಳೆಯುವುದು ಶಾಸನಸಭೆ, ಅಂದರೆ ಗೆದ್ದ ಪಕ್ಷ. ನಮ್ಮಲ್ಲಿ ಲೋಕಸಭೆ, ವಿಧಾನಸಭೆಗಳಿಗೆ ಪ್ರತ್ಯೇಕ ಆಯೋಗ. ಹಾಗಾಗಿ ಅಲ್ಲಿ ಜಗಳ ಹೆಚ್ಚು, ಕೋರ್ಟಿನ ಕೆಲಸವೂ ಹೆಚ್ಚು. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 2016ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯ 18 ಸ್ಥಾನಗಳ ಪೈಕಿ 13 ರಿಪಬ್ಲಿಕನ್ನರಿಗೆ ಹೋಗಿದ್ದವು. 2018ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ನಕ್ಷೆಯನ್ನು ರದ್ದು ಮಾಡಿ ಹೊಸದನ್ನು ಕೊಟ್ಟಿತು. ಅದೇ ವರ್ಷದ ಚುನಾವಣೆಯಲ್ಲಿ ಎರಡೂ ಪಕ್ಷಗಳಿಗೆ 9–9 ಸಮ.

ಉತ್ತರ ಕೆರೊಲಿನಾದ ಕಥೆ ಇನ್ನೂ ವಿಚಿತ್ರ. ನ್ಯಾಯಾಲಯದ ನಕ್ಷೆಯಡಿ 2022ರಲ್ಲಿ 7–7 ಬಂದಿತ್ತು. ಅಲ್ಲಿ ನ್ಯಾಯಾಧೀಶರೂ ಚುನಾವಣೆಯಲ್ಲಿ ಗೆದ್ದು ಬರುವವರು. ಪೀಠ ಬದಲಾಯಿತು, 2023ರಲ್ಲಿ ಅದೇ ಕೋರ್ಟ್ ತನ್ನ ಮಾತನ್ನು ತಾನೇ ಹಿಂತೆಗೆದುಕೊಂಡಿತು. ಶಾಸನಸಭೆ ಹೊಸ ನಕ್ಷೆ ಮಾಡಿತು. 2024ರಲ್ಲಿ ರಿಪಬ್ಲಿಕನ್ 10, ಡೆಮಾಕ್ರಟಿಕ್ 4. ಪಕ್ಷದ ಲಾಭಕ್ಕಾಗಿ ಗೆರೆ ಎಳೆದರೆಂಬ ದೂರನ್ನು ಒಕ್ಕೂಟದ ನ್ಯಾಯಾಲಯಗಳು ಕೇಳುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಹಾಗಾಗಿ ಪಕ್ಷಪಾತದ ದೂರು ಹೊತ್ತವರಿಗೆ ಅಲ್ಲಿ ಉಳಿದಿರುವುದು ರಾಜ್ಯಗಳ ಕೋರ್ಟುಗಳು.

ಕರಡು ಬಂದೈತಿ, ನಕ್ಷಿ ಮಾತ್ರ ಕೊಡವಲ್ರು. ಮಾಹಿತಿ ಹಕ್ಕಿನ ಅರ್ಜಿ ಹಾಕಲೇನ್ರಿ?
*— ಗೋಕಾಕದ ಓದುಗರು*

ಹಾಕಿ, ಹತ್ತು ರೂಪಾಯಿ ಖರ್ಚು. ಆದರೆ ಅದನ್ನೇ ನಂಬಿ ಕೂರಬೇಡಿ. ಮಾಹಿತಿ ಕೊಡಲು ಅವರಿಗೆ 30 ದಿನ ಇರುತ್ತದೆ, ಆಕ್ಷೇಪಣೆಗೆ ನಿಮಗೆ ಸಿಗುವುದು ಸಾಮಾನ್ಯವಾಗಿ ವಾರ, ಹೆಚ್ಚೆಂದರೆ ಹದಿನೈದು ದಿನ. ನಕ್ಷೆ ಬರುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಈಗಲೇ ಚಕ್ಕುಬಂದಿಯ ಮೇಲೆಯೇ ಆಕ್ಷೇಪಣೆ ಬರೆದು, 'ನಕ್ಷೆಯನ್ನೂ ಬ್ಲಾಕುವಾರು ಜನಸಂಖ್ಯೆಯನ್ನೂ ಇಂಥ ದಿನ ಕೇಳಿದೆ, ಕೊಡಲಿಲ್ಲ' ಎಂಬ ಒಂದು ಸಾಲನ್ನು ಅದರಲ್ಲೇ ಸೇರಿಸಿ, ಗಡುವಿನೊಳಗೆ ಸೀಲು ಹಾಕಿಸಿಕೊಳ್ಳಿ. ಮುಂದೆ ಧಾರವಾಡಕ್ಕೆ ಹೋಗಬೇಕಾಗಿ ಬಂದರೆ ನಕ್ಷೆಗಿಂತ ಆ ಸಾಲೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.