ಮಳೆಗಾಲದಲ್ಲಿ ಕಟ್ಟುವ ಕಕ್ಕಸು: ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಬೇಕೋ ಬೇಡವೋ?

ಪ್ರಶ್ನೆ: ಉಡುಪಿ ಹತ್ತಿರ ಹಳೆ ಮನೆ ತೆಗೆದುಕೊಂಡಿದ್ದೇವೆ. ಐದು ಜನ ಇದ್ದೇವೆ. ಸೆಪ್ಟಿಕ್ ಟ್ಯಾಂಕ್ ತೆರೆದು ಎಂಟು ವರ್ಷ ಆಯಿತಂತೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕಮೋಡಿನ ನೀರು ಇಳಿಯುವುದೇ ಇಲ್ಲ, ಬೇಸಿಗೆಯಲ್ಲಿ ಸರಿಯಾಗುತ್ತದೆ. ಟ್ಯಾಂಕ್ ಖಾಲಿ ಮಾಡುವ ಗಾಡಿ ಕರೆಸಬೇಕಾ, ಬ್ಯಾಕ್ಟೀರಿಯಾ ಪೌಡರ್ ಹಾಕಿದರೆ ಸಾಕಾ?

ಉತ್ತರ: ಎರಡು ಬೇರೆ ಬೇರೆ ತೊಂದರೆಗಳನ್ನು ನೀವು ಒಂದೇ ಅಂದುಕೊಂಡಿದ್ದೀರಿ. ಎಂಟು ವರ್ಷ ಆಗಿದ್ದರೆ ಗಾಡಿ ಬೇಕಾಗಿಯೇ ಇರಬಹುದು. ಆದರೆ ಮಳೆಗಾಲದಲ್ಲಿ ಮಾತ್ರ ನೀರು ಕಟ್ಟುವುದಾದರೆ ಅದು ಟ್ಯಾಂಕಿನ ಕಾಯಿಲೆ ಅಲ್ಲ, ಟ್ಯಾಂಕಿನಿಂದ ಹೊರಬಂದ ನೀರನ್ನು ಮಣ್ಣಿಗೆ ಇಂಗಿಸುವ ಇಂಗುಗುಂಡಿಯದ್ದು.

ಮೊದಲು 'ಟ್ಯಾಂಕ್ ತುಂಬಿದೆ' ಎಂಬ ಮಾತು ಬಿಡಿ. ಐದು ಜನರ ಮನೆಗೆ ಐಎಸ್ 2470 ಎಂಬ ಭಾರತೀಯ ಮಾನಕ ಹೇಳುವ ಅಳತೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳ. ಅಂದರೆ ಸುಮಾರು 1,100 ಲೀಟರ್. ಕಕ್ಕಸಿನ ನೀರು ಮಾತ್ರ ಹೋದರೂ ಇದು ಒಂದು ವಾರದಲ್ಲಿ ತುಂಬುತ್ತದೆ, ಆಮೇಲೆ ಯಾವತ್ತೂ ತುಂಬಿಯೇ ಇರುತ್ತದೆ. ಒಳಗೆ ಬಂದಷ್ಟೇ ನೀರು ಹೊರಗೆ ಹೋಗುತ್ತಿರುತ್ತದೆ. ನೋಡಬೇಕಾದದ್ದು ನೀರನ್ನಲ್ಲ, ತಳದಲ್ಲಿ ಕೂತ ಹೂಳು ಎಷ್ಟು, ಮೇಲೆ ತೇಲುವ ಗಟ್ಟಿ ಪೊರೆ ಎಷ್ಟು ಎಂಬುದನ್ನು.

ಮುಚ್ಚಳ ತೆಗೆಸಿ ಅರ್ಧ ಗಂಟೆ ಹಾಗೇ ಬಿಡಿ. ಬೀಡಿ, ಬೆಂಕಿ ಹತ್ತಿರ ಬೇಡ, ಒಳಗೆ ಮೀಥೇನ್ ಇರುತ್ತದೆ. ಬಗ್ಗಿ ಮುಖ ಒಡ್ಡಬೇಡಿ, ಒಬ್ಬರೇ ಇರುವಾಗ ಈ ಕೆಲಸಕ್ಕೆ ಇಳಿಯಬೇಡಿ, ಮಕ್ಕಳನ್ನು ದೂರ ಇಡಿ. ಈಗ ನೀರಿನ ಮಟ್ಟವನ್ನು ಹೊರಹೋಗುವ ಪೈಪಿನ ಜೊತೆ ಹೋಲಿಸಿ. ಆ ಪೈಪಿನ ತಳಕ್ಕೆ ಸರಿಯಾಗಿ ನೀರು ನಿಂತಿದ್ದರೆ ಟ್ಯಾಂಕ್ ಆರೋಗ್ಯವಾಗಿದೆ. ಆದರೂ ಕಮೋಡ್ ಕಟ್ಟುತ್ತಿದ್ದರೆ ಬ್ಲಾಕ್ ಇರುವುದು ಮನೆಗೂ ಟ್ಯಾಂಕಿಗೂ ನಡುವೆ, ಚೇಂಬರಿನಲ್ಲೋ ಒಳಬರುವ ಟೀ ಪೈಪಿನ (ಇಂಗ್ಲಿಷಿನ T ಆಕಾರದ ಪೈಪು) ಬಾಯಲ್ಲೋ. ನೀರು ಆ ಪೈಪಿನಿಂದ ಮೇಲಕ್ಕೆ ಏರಿ ನಿಂತಿದ್ದರೆ ಹೊರಗಿನ ದಾರಿ ಮುಚ್ಚಿದೆ: ಹೊರಹೋಗುವ ಬದಿಯ ಟೀ ಕಟ್ಟಿದೆ, ಇಲ್ಲವಾದರೆ ಇಂಗುಗುಂಡಿ ಕುಡಿಯುತ್ತಿಲ್ಲ. ಪೈಪಿಗಿಂತ ಕೆಳಗಿದ್ದರೆ ಖುಷಿಪಡಬೇಡಿ. ಟ್ಯಾಂಕ್ ಸೋರುತ್ತಿದೆ. ಕೆಂಪು ಕಲ್ಲಿನಲ್ಲಿ ಕಟ್ಟಿ ಒಳಗೆ ಸರಿಯಾಗಿ ಗಾರೆ ಮಾಡದ ಹಳೆ ಟ್ಯಾಂಕುಗಳಲ್ಲಿ ಇದು ಮಾಮೂಲು, ಬಾವಿಗೆ ಅತಿ ದೊಡ್ಡ ಅಪಾಯವೂ ಇದೇ.

ಇನ್ನು ಅಳತೆ. ಎಂಟು ಅಡಿಯ ಪಿವಿಸಿ ಪೈಪು ಅಥವಾ ಅಡಿಕೆ ಸಲಾಕೆ ತೆಗೆದುಕೊಳ್ಳಿ. ಕೆಳಗಿನ ಮೂರು ಅಡಿಗೆ ಹಳೆಯ ಬಿಳಿ ಬೈರಾಸು (ಟವೆಲ್) ಬಿಗಿಯಾಗಿ ಸುತ್ತಿ ಕಟ್ಟಿ. ಹೊರಹೋಗುವ ಪೈಪಿನ ಬದಿಯಲ್ಲಿ ತಳ ಮುಟ್ಟುವವರೆಗೆ ನಿಧಾನ ಇಳಿಸಿ, ಎರಡು ಮೂರು ನಿಮಿಷ ಹಿಡಿದು, ಅಲುಗಾಡಿಸದೆ ಎತ್ತಿ. ಬಟ್ಟೆಗೆ ಕಪ್ಪು ಕಣ ಅಂಟಿದಷ್ಟು ಎತ್ತರ ಹೂಳು. ಒದ್ದೆಯಾದಷ್ಟು ಉದ್ದ ನೀರಿನ ಆಳ. ಪೊರೆಗೆ ಇನ್ನೊಂದು ಕೋಲು ಬೇಕು. ಅದರ ತುದಿಗೆ ಅರ್ಧ ಅಡಿಯ ಹಲಗೆ ತುಂಡನ್ನು ಅಡ್ಡಕ್ಕೆ ಮೊಳೆ ಹೊಡೆದು, ಪೊರೆಯ ಕೆಳಕ್ಕೆ ತೂರಿಸಿ ಮೆಲ್ಲಗೆ ಮೇಲೆತ್ತಿ. ತಡೆದಲ್ಲಿ ಗುರುತು ಹಾಕಿ. ಹೂಳು, ಪೊರೆ ಸೇರಿ ನೀರಿನ ಆಳದ ಮೂರನೇ ಒಂದು ಭಾಗ ಆಯಿತೆಂದರೆ ಗಾಡಿಗೆ ಫೋನ್ ಮಾಡುವ ಹೊತ್ತು. ಆಳ 120 ಸೆಂಟಿಮೀಟರ್, ಹೂಳು 30, ಪೊರೆ 10 ಅಂತಿಟ್ಟುಕೊಳ್ಳಿ: 40, ಗಡಿ ಮುಟ್ಟಿತು. ಇದಕ್ಕಿಂತ ತಡಮಾಡಿದರೆ ಹೂಳು ನೀರಿನೊಂದಿಗೆ ಇಂಗುಗುಂಡಿಗೆ ಹೋಗಿ ಕಲ್ಲಿನ ತೂತುಗಳನ್ನು ಮುಚ್ಚುತ್ತದೆ. ಟ್ಯಾಂಕ್ ಖಾಲಿ ಮಾಡಿಸುವುದು ಒಂದು ಬೆಳಗ್ಗಿನ ಕೆಲಸ, ಇಂಗುಗುಂಡಿ ಹಾಳಾದರೆ ಅಂಗಳವನ್ನೇ ಅಗೆಯಬೇಕು. ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಿ ಎನ್ನುವುದು ಸಾಮಾನ್ಯ ಲೆಕ್ಕ, ಆದರೆ ಬೈರಾಸಿನ ಗುರುತು ಕ್ಯಾಲೆಂಡರಿಗಿಂತ ನಂಬಿಕಸ್ಥ.

ಗಾಡಿ ಬಂದ ದಿನ ಪಕ್ಕದಲ್ಲೇ ನಿಲ್ಲಿ. ಸಣ್ಣ ಪೈಪಿನ ಬಾಯಲ್ಲಿ ಹೋಸ್ ಇಳಿಸಿ ತೆಳು ನೀರನ್ನಷ್ಟೇ ಎಳೆದು 'ಆಯಿತು' ಎನ್ನುವವರಿದ್ದಾರೆ. ಎರಡು ಭಾಗದ ಟ್ಯಾಂಕಾದರೆ ಎರಡರ ಮುಚ್ಚಳವನ್ನೂ ತೆಗೆಸಿ. ಹೂಳನ್ನು ಕಲಕಿ ಎಳೆಯಲು ಹೇಳಿ, ಹೋಗುವ ಮೊದಲು ಅದೇ ಕೋಲು ಮತ್ತೊಮ್ಮೆ ಇಳಿಸಿ. ತಳದಲ್ಲಿ ಒಂದು ಇಂಚಿನಷ್ಟು ಹೂಳು ಉಳಿಯಲಿ, ಮುಂದಿನ ಬ್ಯಾಕ್ಟೀರಿಯಾಕ್ಕೆ ಅದೇ ಹೆಪ್ಪು. ಫಿನಾಯಿಲ್ ಹಾಕಿ ತಿಕ್ಕಿ ತೊಳೆಯಬೇಡಿ. ಖಾಲಿ ಇರುವಾಗಲೇ ಟೀ ಮುರಿದಿದೆಯೇ ಎಂದು ಟಾರ್ಚ್ ಬಿಟ್ಟು ಮೇಲಿನಿಂದ ನೋಡಿ. ಟೀ ಇಲ್ಲದ ಟ್ಯಾಂಕಿನಲ್ಲಿ ಪೊರೆ ನೇರ ಇಂಗುಗುಂಡಿಗೆ ಇಳಿಯುತ್ತದೆ. ತುಂಬಿಸಿಕೊಂಡದ್ದನ್ನು ಎಲ್ಲಿ ಸುರಿಯುತ್ತೀರಿ ಎಂದೂ ಕೇಳಿ. 'ತೋಡಿಗೆ' ಎಂಬ ಉತ್ತರ ಬಂದರೆ ಬೇರೆ ಗಾಡಿ ಹುಡುಕಿ.

ಯಾರನ್ನೂ ಒಳಗೆ ಇಳಿಸಬೇಡಿ, ಐದು ನಿಮಿಷಕ್ಕೂ ಬೇಡ. ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೆಚ್ಚಿದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಒಬ್ಬ ಬಿದ್ದರೆ ಎತ್ತಲು ಇಳಿದವನೂ ಬೀಳುತ್ತಾನೆ. ರಕ್ಷಣಾ ಸಲಕರಣೆ ಇಲ್ಲದೆ ಹಾಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧ, ಇಳಿಸಿದ ಮನೆಯವರ ಮೇಲೂ ಕೇಸು ಬರುತ್ತದೆ.

ಗಾಡಿ ಕರೆಸುವುದಾದರೆ ಜನವರಿಯಿಂದ ಏಪ್ರಿಲ್ ಒಳಗೆ ಕರೆಸಿ. ಜುಲೈಯಲ್ಲಿ ಖಾಲಿ ಮಾಡಿಸಿದ ಸೋರುವ ಟ್ಯಾಂಕಿಗೆ ನೆಲದ ನೀರೇ ಒಳಗೆ ಬಂದು ನಾಲ್ಕು ದಿನದಲ್ಲಿ ಮತ್ತೆ ತುಂಬುತ್ತದೆ, ದುಡ್ಡು ದಂಡ. ಫೈಬರ್ ಅಥವಾ ಪ್ಲಾಸ್ಟಿಕ್ ಟ್ಯಾಂಕಾದರೆ ನೆಲದ ನೀರಿಗೆ ಮೇಲೆದ್ದು ಪೈಪು ಮುರಿಯಲೂಬಹುದು. ಅಂಥದ್ದಕ್ಕೆ ಖಾಲಿಯಾದ ಕೂಡಲೇ ನೀರು ತುಂಬಿಸಬೇಕು.

ನಿಮ್ಮ ಆಟಿಯ ತೊಂದರೆಗೆ ಉತ್ತರ ನಿಮ್ಮ ಬಾವಿಯಲ್ಲೇ ಉಂಟು. ಜುಲೈಯಲ್ಲಿ ಬಾವಿಯ ನೀರು ನೆಲದಿಂದ ಎಷ್ಟು ಕೆಳಗೆ ಇದೆ ನೋಡಿ. ಅದು ಎರಡು ಮೀಟರಿನಲ್ಲಿದ್ದು ಇಂಗುಗುಂಡಿ ಮೂರು ಮೀಟರ್ ಆಳ ಇದ್ದರೆ, ಗುಂಡಿ ನೀರಿನಲ್ಲೇ ಕೂತಿದೆ. ಅದು ಇನ್ನು ಕುಡಿಯುವುದೆಲ್ಲಿಂದ? ಆಗ ಬೇಕಾದದ್ದು ಆಳ ಕಡಿಮೆ, ಅಗಲ ಹೆಚ್ಚು ಇರುವ ಇನ್ನೊಂದು ಗುಂಡಿ. ಅದಕ್ಕೂ ಮೊದಲು ತಾರಸಿಯ ನೀರು ಚೇಂಬರಿಗೆ ಬೀಳುತ್ತಿದೆಯೇ ನೋಡಿ. ಸಾವಿರ ಚದರಡಿಯ ತಾರಸಿಯ ಮೇಲೆ ದಿನಕ್ಕೆ 100 ಮಿಲಿಮೀಟರ್ ಮಳೆ ಬಂದರೆ 9,000 ಲೀಟರಿಗೂ ಹೆಚ್ಚು. ನಮ್ಮ ಕಡೆ ಅಂಥ ದಿನಗಳು ಅಪರೂಪವಲ್ಲ ಮಾರಾಯ್ರೆ, ಅಷ್ಟು ನೀರು ಹೂಳನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ವಾಷಿಂಗ್ ಮೆಷಿನ್, ಬಚ್ಚಲಿನ ನೀರು ತೆಂಗಿನ ಬುಡಕ್ಕೆ ಹೋಗಲಿ. ಮೀನು ಕಾಯಿಸಿದ ಎಣ್ಣೆ, ಪ್ಯಾಡ್, ಡಯಾಪರ್ ಟ್ಯಾಂಕಿಗೆ ಬೇಡ.

ಪೌಡರ್ ಬೇಡ. ಬೇಕಾದ ಬ್ಯಾಕ್ಟೀರಿಯಾ ದಿನಾ ಉಚಿತವಾಗಿ ಬರುತ್ತದೆ. ಕರಗದೆ ಉಳಿದ ಹೂಳನ್ನು ಯಾವ ಪೌಡರೂ ಮಾಯ ಮಾಡುವುದಿಲ್ಲ. ಸೆಗಣಿ ನೀರು ಹೊಸ ಟ್ಯಾಂಕ್ ಶುರುಮಾಡುವಾಗ ಸರಿ, ಹಳೆಯದಕ್ಕೆ ಹಾಕಿದರೆ ನಾರು ಸೇರಿ ಹೂಳು ಹೆಚ್ಚುತ್ತದೆ ಅಷ್ಟೆ.

ಗಾಳಿ ಪೈಪಿನ ತುದಿಗೆ ಸೊಳ್ಳೆ ಜಾಲಿ ಕಟ್ಟಿ. ಅಲ್ಲಿ ಹುಟ್ಟುವುದು ಮಲೇರಿಯಾದ ಸೊಳ್ಳೆಯಲ್ಲ, ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್.

ಕೊನೆಗೆ ಬಾವಿ. ಇಂಗುಗುಂಡಿಗೂ ಕುಡಿಯುವ ನೀರಿಗೂ 18 ಮೀಟರ್ ದೂರ ಇರಬೇಕು. ಐದು ಸೆಂಟ್ಸ್ ಜಾಗ ಚೌಕವಾಗಿದ್ದರೂ ಬದಿ ಬರೀ 14 ಮೀಟರ್ ಚಿಲ್ಲರೆ. ನಿಮ್ಮದರಲ್ಲಿ ಆ ದೂರ ಸಿಗದಿದ್ದರೆ ಪಕ್ಕದ ಮನೆಯವರ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಹೊಸ ಗುಂಡಿಯ ಜಾಗ ಗುರುತಿಸಿ. ಮೊದಲ ಮಳೆ ಬಿದ್ದು ಒಂದೆರಡು ವಾರಕ್ಕೆ ಬಾವಿ ನೀರಿನಲ್ಲಿ ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ಕುದಿಸಿಯೇ ಕುಡಿಯಿರಿ.