ಮ್ಯಾಗಜಿನ್ ಯಾಕೆ ಮೇಲ್ಗಡೆ?

ಪ್ರಶ್ನೆ: ತಾತ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಅವರ ಹಳೇ ಫೋಟೋದಲ್ಲಿ ಒಂದು ಮಷಿನ್ ಗನ್ ಇದೆ. ಅದರ ಮ್ಯಾಗಜಿನ್, ಅಂದರೆ ಗುಂಡು ತುಂಬುವ ಡಬ್ಬಿ, ಮೇಲ್ಗಡೆ ಬಾಗಿ ನಿಂತಿದೆ. ಬ್ರೆನ್ ಗನ್ನೇ ಅಲ್ವಾ? ಯಾಕೆ ಹಾಗಿದೆ?
– ಓದುಗ, ಹಲಸೂರು, ಬೆಂಗಳೂರು

ಉತ್ತರ: ಬ್ರೆನ್ ಇರಬಹುದು. ಆದರೆ ವಿಕರ್ಸ್-ಬರ್ತಿಯರ್ ಅನ್ನೋ ಮಷಿನ್ ಗನ್ ಕೂಡ ಹೆಚ್ಚುಕಮ್ಮಿ ಹಾಗೇ ಕಾಣುತ್ತದೆ, ಭಾರತದ ಸೇನೆ 1933ರಲ್ಲಿ ಅದನ್ನೇ ಒಪ್ಪಿಕೊಂಡು ಇಶಾಪುರದ ಕಾರ್ಖಾನೆಯಲ್ಲಿ ಮಾಡಿಸಿತ್ತು. ಫೋಟೋ ಯಾವ ವರ್ಷದ್ದು ಅಂತ ನೋಡಿ.

ಬ್ರೆನ್‌ನ ಮೂಲ ಚೆಕೊಸ್ಲೊವಾಕಿಯಾ. ವಾಕ್ಲಾವ್ ಹೋಲೆಕ್ ರೂಪಿಸಿದ ಜೆಡ್‌ಬಿ-26 ಅನ್ನೋ ಮಷಿನ್ ಗನ್ ಅಲ್ಲಿನ ಬ್ರನೋ ಊರಿನಲ್ಲಿ ತಯಾರಾಗುತ್ತಿತ್ತು, ಅದನ್ನೇ ಬ್ರಿಟಿಷರು 1930ರ ದಶಕದಲ್ಲಿ ತಮ್ಮ .303 ಗುಂಡಿಗೆ ಹೊಂದಿಸಿಕೊಂಡರು. ಬಾಗು ಬಂದಿದ್ದು ಇಲ್ಲೇ! ಆ ಗುಂಡಿನ ಬುಡದಲ್ಲಿ ಹೊರಚಾಚಿದ ಅಂಚಿದೆ. ಬುಡ ದಪ್ಪ, ತುದಿ ಸಣ್ಣ, ಹಾಗಾಗಿ ಒಂದರ ಮೇಲೊಂದು ಪೇರಿಸಿದರೆ ಸಾಲು ತಾನಾಗಿ ಬಾಗುತ್ತದೆ. ಚೆಕ್ ಗುಂಡಿಗೆ ಆ ಅಂಚಿರಲಿಲ್ಲ, ಮ್ಯಾಗಜಿನ್ನೂ ನೆಟ್ಟಗಿತ್ತು.

ಮೇಲ್ಗಡೆ ಇಟ್ಟಿದ್ದು ಸುಮ್ನೆ ಅಲ್ಲ. ಮಲಗಿ ಹೊಡೆಯುವಾಗ ನೆಲಕ್ಕೆ ತಾಗುವುದಿಲ್ಲ, ಪಕ್ಕದ ಸಿಪಾಯಿ ಥಟ್ಟಂತ ಬದಲಾಯಿಸಬಹುದು. ಒಂದೇ ತೊಂದರೆ, ಅದು ಕಣ್ಣಿಗೆ ಅಡ್ಡ. ಅದಕ್ಕೇ ಗುರಿ ನೋಡುವ ಸೈಟನ್ನು ಎಡಕ್ಕೆ ಸರಿಸಿದ್ದಾರೆ.